ಕಾಲುವೆಯ ಮೆಟ್ಟಿಲು

ಕೂತರೆ ಏಳಲಾಗದ ಅಕ್ಕನ ಮೊಣಕಾಲಿಗೆ ಈಗಲೂ ನಾನೇ ಬಿಸಿ ಹರಳೆಣ್ಣೆ ತಿಕ್ಕುತ್ತೇನೆ, ಆ ವಾಸನೆಗೆ ದಢೇಸುಗೂರಿನ ನಮ್ಮ ಅಂಗಳ ಕಣ್ಣೆದುರು ಬರುತ್ತದೆ.

ಅದು ಭತ್ತದ ನಾಟಿಯ ಕಾಲ. ಅಕ್ಕನಿಗೆ ಹದಿಮೂರು, ನನಗೆ ಹತ್ತು. ಅವಳ ಮೊಣಕಾಲಿನ ಮುಂದೆ, ಚಿಪ್ಪಿನ ಸುತ್ತ ನೋವಿತ್ತು. ಅವ್ವ ಎಣ್ಣೆ ಹಚ್ಚಿ, ಅವಳನ್ನು ಅಂಗಳದಲ್ಲಿ ನಡೆಸಿ ನೋಡಿದಳು. ಅಕ್ಕ ಕುಂಟಲಿಲ್ಲ.

"ಕುದುರಿ ಹಂಗ ನಡದೆಲ್ಲ. ಗದ್ದಿ ಅಂದ್ರ ಅಷ್ಟ ನೋವೇನಬೇ?"

"ಸಪಾಟ ನೆಲದಾಗ ನೋಯಂಗಿಲ್ಲ ಯವ್ವಾ. ಕುಂತು ಏಳಾಕ, ಕಾಲುವಿ ಪಾವಟಿಗಿ ಇಳಿಯಾಕ ಆಗವಲ್ದು. ಬೇಕಾದ್ರ ತಂಗಿನ್ನ ಕೇಳು."

ಅವ್ವ ನನ್ನತ್ತ ತಿರುಗಿದಳು. "ಖರೇ ಏನಬೇ?"

ದಿನವೂ ನೀರಿಗೆ ಹೋದಾಗ ಅಕ್ಕ ನನ್ನ ಹೆಗಲು ಹಿಡಿದು, ಹಲ್ಲು ಕಚ್ಚಿ, ಅಡ್ಡಡ್ಡವಾಗಿ ಕಾಲುವೆಯ ಮೆಟ್ಟಿಲು ಇಳಿಯುತ್ತಿದ್ದಳು. ಆದರೆ ಅವಳು ಮನೆಯಲ್ಲಿ ಉಳಿದರೆ ಸಸಿ ಕಿತ್ತು ಹೊರುವ ಕೆಲಸ ನನಗೆ ಬರುತ್ತಿತ್ತು.

"ನಾ ನೋಡಿಲ್ಲ" ಎಂದೆ.

ಅಕ್ಕ ಲಂಗ ಎತ್ತಿ ಸಿಕ್ಕಿಸಿಕೊಂಡು ಗದ್ದೆಗೆ ಹೋದಳು. ದಿನವಿಡೀ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸಸಿ ಕಿತ್ತಳು, ಕಟ್ಟು ಹೊತ್ತು ಎದ್ದಳು, ಮತ್ತೆ ಕೂತಳು.

ಸಂಜೆ ಇಬ್ಬರೂ ನೀರಿಗೆ ಹೋದೆವು. ಮೆಟ್ಟಿಲ ಬಳಿ ನಾನೇ ಹೆಗಲು ಕೊಟ್ಟು ನಿಂತೆ. ಅವಳು ಹಿಡಿಯಲಿಲ್ಲ.

"ಆ ಕಡಿ ತಿರುಗು. ನೀ ನೋಡಿಲ್ಲಲ್ಲ."

ತಿರುಗಿ ನಿಂತೆ. ಅವಳು ಕೂತು ಜಾರುತ್ತ ಇಳಿಯುತ್ತಿರುವುದು ಸದ್ದಿನಿಂದಲೇ ತಿಳಿಯಿತು. ನನ್ನ ಬೆನ್ನ ಹಿಂದೆ ಖಾಲಿ ಕೊಡ ಕಲ್ಲಿಗೆ ತಾಗುತ್ತ ಒಂದೊಂದೇ ಮೆಟ್ಟಿಲು ಇಳಿಯಿತು.