ಕೊಳವೆಯ ಬಾಯಲ್ಲಿ ಕೆಂಪು ಕಡ್ಡಿ

ಎಡಗೈಯಲ್ಲಿ ಕಾರಿನ ಬಾನೆಟ್ ಎತ್ತಿ ಹಿಡಿದ ಮೆಕ್ಯಾನಿಕ್ ನೆವಿಲ್ ಹಾಗೇ ನಿಂತುಬಿಟ್ಟ. ಇಂಜಿನ್ನಿನ ಪಕ್ಕ ಜೋತುಬಿದ್ದ ಸಣ್ಣ ರಬ್ಬರ್ ಕೊಳವೆಯ ಬಾಯಲ್ಲಿ, ಗಾಲ್ಫ್ ಚೆಂಡು ನಿಲ್ಲಿಸುವ ಕೆಂಪು ಕಡ್ಡಿಯೊಂದು ಸಿಕ್ಕಿಕೊಂಡಿತ್ತು. ಅದು ಅವನದೇ. ಇಂಜಿನ್ನಿನ ಕಿಡಿಯ ಟೈಮಿಂಗ್ ಹೊಂದಿಸುವಾಗ, ಆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕೊಳವೆ ಕಳಚಿ, ಗಾಳಿ ಎಳೆಯದಂತೆ ಅದರ ಬಾಯಿಗೆ ಕಡ್ಡಿ ತುರುಕುವುದು ಅವನ ರೂಢಿ. ಕೆಲಸ ಮುಗಿದ ಮೇಲೆ ಕೊಳವೆಯನ್ನು ಮರಳಿ ಸಿಕ್ಕಿಸಬೇಕು. ಇಲ್ಲವಾದರೆ ಇಂಜಿನ್ ಕಾದು ಬಿಸಿಯಾಗುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಮೂರು ವಾರದ ಹಿಂದೆ ಈ ಕಾರಿನ ಕೆಲಸ ಮಾಡಿದಾಗ ಅವನು ಅದನ್ನು ಮರೆತಿದ್ದ.

“ಯಾರಾದ್ರೂ ತಗೊಳ್ಳೋರಿದ್ರೆ ಈ ಕಾರನ್ನ ಕೊಟ್ಬಿಡು,” ಎಂದಳು ಹಿಂದೆ ನಿಂತಿದ್ದ ಕಾರಿನ ಒಡತಿ, ಎಪ್ಪತ್ತೈದರ ಮೆರ್ಲ್. “ಕಾರು ಕಾಯುತ್ತೆ ಅಂದಿದ್ದಕ್ಕೆ ಪಬ್ಬಲ್ಲಿ ಎಲ್ಲರೆದುರು ಏನಂದೆ? ‘ಪೆಟ್ರೋಲ್-ಗಾಳಿ ಮಿಶ್ರಣ, ಟೈಮಿಂಗ್ ಎರಡೂ ನಾನೇ ಕೂರಿಸಿದೀನಿ, ಆಕ್ಸಿಲರೇಟರ್ ಮೇಲೆ ಮೆರ್ಲ್ ಕಾಲೇ ಭಾರ, ಇನ್ನು ಮನೇಲಿ ಕೂತ್ಕೊಳ್ಲಿ’ ಅಂದೆ. ಎಲ್ಲರೂ ನಕ್ಕರು. ನೀನಂದದ್ದು ನಿಜಾನೇ ಇರಬೇಕು ಬಿಡು. ನಂಗೂ ಈಗ ಓಡಿಸೋ ಧೈರ್ಯ ಇಲ್ಲ.”

ಕಡ್ಡಿ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು. ನೆವಿಲ್ ಅದನ್ನು ಬಲಗೈಯಲ್ಲಿ ಕಿತ್ತು ಅಡಗಿಸಿಯೂ ಬಿಟ್ಟ. ಅಷ್ಟರಲ್ಲಿ ಮೆರ್ಲ್ ಕಾರಿನ ಕೀಲಿಯನ್ನು ಮುಂದೆ ಚಾಚಿದಳು. ಅದನ್ನು ತೆಗೆದುಕೊಳ್ಳಲು ಅವನು ಮುಷ್ಟಿ ಬಿಚ್ಚಲೇಬೇಕಿತ್ತು. ಬಿಚ್ಚಿದ.

“ತಪ್ಪು ನಿಮ್ಮ ಕಾಲಿನದಲ್ಲ ಮೆರ್ಲ್. ನನ್ನ ಕೈಯದು. ಕೊಳವೆ ಮರಳಿ ಸಿಕ್ಕಿಸೋದನ್ನ ನಾನೇ ಮರೆತಿದ್ದೆ.”

ಅವಳು ಅವನ ಅಂಗೈ ಮೇಲಿನ ಕಡ್ಡಿಯನ್ನು ನೋಡಿ ಕೀಲಿಯನ್ನು ಹಿಂದಕ್ಕೆ ಎಳೆದುಕೊಂಡಳು. “ಕೊಳವೆ ಸಿಕ್ಕಿಸಿ ಕಾರು ಹತ್ತು, ಜಾಣಪ್ಪ. ಪಬ್ಬಿಗೆ ನಾನೇ ಓಡಿಸ್ತೀನಿ. ನನ್ನ ಕಾಲು ಭಾರ ಅಂತ ಅಲ್ಲಿ ಅಂದೆಯಲ್ಲ, ಇದನ್ನೂ ಅಲ್ಲೇ ಹೇಳುವೆಯಂತೆ.”