ಎರಡನೆಯ ಬಟ್ಟಲು

"ಇದು ಕಥೆಯಲ್ಲ, ಕುರಿಹಿಕ್ಕೆ," ಎಂದ ತೊಲೆಗೆನ್.

ಕಥೆಯನ್ನು ಗಟ್ಟಿಯಾಗಿ ಓದಿ ಮುಗಿಸಿದ ಓರಾಜ್‌ಬೆಕ್ ಇನ್ನೂ ಹಾಳೆಗಳನ್ನು ಕೆಳಗಿಟ್ಟಿರಲಿಲ್ಲ. ಕರಗಂಡದ ಗಣಿ ಕಾರ್ಮಿಕರ ಭವನ. ಅದರ ಹಿಂಬದಿಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ವೈಜ್ಞಾನಿಕ ಕಥೆಗಳ ಹುಚ್ಚು ಹತ್ತಿದವರು ಸೇರುತ್ತಿದ್ದರು. ಓದಿದ ಪುಸ್ತಕ, ನೋಡಿದ ಸಿನಿಮಾ, ಯಾವುದನ್ನೂ ಬಿಡದೆ ಜಗಳವಾಡುತ್ತಿದ್ದರು. ಇವತ್ತು ಐದು ಜನರಿದ್ದರು.

ಗುಲ್ಶಾತ್ ಹಲ್ಲು ಕಚ್ಚಿದಳು. ಅವಳು ಊರಿನ ಬಸ್ಸು ಓಡಿಸುವವಳು. ಅಲ್ಮಾತಿಯಲ್ಲಿ ಅಚ್ಚಾಗುವ ಸಂಕಲನಕ್ಕೆ ಈ ಕೂಟದಿಂದ ಒಂದೇ ಒಂದು ಕಥೆ ಹೋಗಬೇಕಿತ್ತು. ಕೂಟದ ಕಟ್ಟಳೆಯಂತೆ ಎಲ್ಲರ ಕಥೆಗಳನ್ನೂ ಹೆಸರಿಲ್ಲದೆ ಟೈಪು ಮಾಡಿಸಿ ಪೆಟ್ಟಿಗೆಗೆ ಹಾಕಿದ್ದರು. ಬರೆದವರು ಚರ್ಚೆಗೆ ಕೂತರೂ ಗುಟ್ಟು ಬಿಡುವಂತಿಲ್ಲ. ಕೊನೆಗೆ ಎರಡು ಉಳಿದಿದ್ದವು. ಹುಲ್ಲುಬಯಲಿನಲ್ಲಿ ದಾರಿ ತಪ್ಪಿ ಮುಂದಿನ ಶತಮಾನದ ನಿಲ್ದಾಣಕ್ಕೆ ಹೋಗಿ ನಿಲ್ಲುವ ಬಸ್ಸಿನ ಕಥೆ ಮೊದಲನೆಯದು. ಅದು ಗುಲ್ಶಾತಳದು. ಚಳಿಗಾಲವಿಡೀ ಡಿಪೋದಲ್ಲಿ ಕೂತು, ಬೆರಳು ಮರಗಟ್ಟಿದರೂ ಬಿಡದೆ ಬರೆದದ್ದು. ಅವಳ ಹೆಸರು ಇದುವರೆಗೆ ಎಲ್ಲೂ ಅಚ್ಚಾಗಿರಲಿಲ್ಲ.

ಎರಡನೆಯದು ಯಾರದೋ. ಆಕಾಶದಿಂದ ಬಿದ್ದ ರಾಕೆಟ್ಟಿನ ಕೊಳವೆಯನ್ನು ಕುರಿದೊಡ್ಡಿ ಮಾಡಿಕೊಂಡ ಮುದುಕಿಯ ಕಥೆ. ಸಂಜೆಯಾದರೆ ಆ ದೊಡ್ಡಿ ಮಾತಾಡುತ್ತದೆ.

"ಹೊರಲೋಕದವರು ಬಂದ್ರೆ ದೊಡ್ಡ ಪಟ್ಟಣದ ಮೇಲೆ ಇಳೀಬೇಕು, ಗಾಜಿನ ಕಟ್ಟಡ ಪುಡಿ ಮಾಡ್ಬೇಕು," ಎಂದ ತೊಲೆಗೆನ್. ಅವನು ಟೀವಿ ರಿಪೇರಿಯವನು. ಬಾಯಿ ಬಿಟ್ಟರೆ ಬೆಂಕಿ. "ಸಿನಿಮಾದಲ್ಲಿ ನೋಡಿಲ್ವಾ? ಇಲ್ಲಿ ನೋಡಿದ್ರೆ ಮುದುಕಿ, ಹಿಕ್ಕೆ, ತಗಡು."

"ಊರು ಉರಿದ್ರೇನೇ ನಿನಗೆ ಟಿಕೆಟ್ ದುಡ್ಡು ಹುಟ್ಟೋದು," ಎಂದ ಗೆನ್ನಾದಿ ತ್ಸೋಯ್, ಮಾರುಕಟ್ಟೆಯಲ್ಲಿ ಉಪ್ಪಿನಕಾಯಿ ಮಾರುವ ಕೊರಿಯನ್. "ಹೋದ ವಾರದ ಸಿನಿಮಾ ನೀನು ಹೊಗಳ್ತಿದ್ದೀಯ ಅಂತ್ಲೇ ನಾನು ಅರ್ಧಕ್ಕೆ ಎದ್ದು ಬಂದೆ."

"ನಿನಗೆ ಮೂಲಂಗಿ ಬಿಟ್ಟು ಇನ್ನೇನು ಗೊತ್ತು? ಕೇಳು ಇದನ್ನ." ತೊಲೆಗೆನ್ ಮೂಗಿನಲ್ಲಿ ರಾಗ ಎಳೆದ. "'ಮುದುಕಿ ಕಿವಿಗೊಟ್ಟಳು. ಕಬ್ಬಿಣ ಉಸಿರಾಡಿತು. ಕುರಿಗಳು ಮೆಲುಕು ನಿಲ್ಲಿಸಿದವು. ನಕ್ಷತ್ರಗಳಿಗೂ ಹಸಿವಾಗುತ್ತದೆ ಎಂದು ಅವಳಿಗೆ ಆಗ ತಿಳಿಯಿತು.' ಕಬ್ಬಿಣ ಉಸಿರಾಡ್ತಂತೆ. ಇದನ್ನ ಬರೆದ ಕೈಯನ್ನ ಕುದಿಯೋ ನೀರಲ್ಲಿ ಅದ್ದಬೇಕು."

ಒಂದೇ ಸಲ ಕೇಳಿದ ಸಾಲುಗಳನ್ನು ಅವನು ಹಾಳೆ ನೋಡದೆ ಒಪ್ಪಿಸಿದ. ಗೇಲಿ ಮಾಡಲು ಇವನಿಗೆ ಎಂಥ ಜ್ಞಾಪಕಶಕ್ತಿ ಎಂದು ಗುಲ್ಶಾತಳಿಗೆ ಮೈ ಉರಿಯಿತು.

ಅವಳ ಪಕ್ಕದಲ್ಲಿ ಔಷಧಿ ಅಂಗಡಿಯ ಲ್ಯುದ್ಮಿಲಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಳು. ಕಣ್ಣು ಕೆಂಪಾಗಿತ್ತು. ಲ್ಯುದ್ಮಿಲಾ ಹುಟ್ಟಿದ್ದು ರಾಕೆಟ್ಟಿನ ತುಂಡುಗಳು ಬೀಳುವ ಬಯಲಿನ ಹಳ್ಳಿಯಲ್ಲಿ. ಗುಲ್ಶಾತಳಿಗೆ ಥಟ್ಟನೆ ಹೊಳೆಯಿತು. ಎರಡನೆಯ ಕಥೆ ಇವಳದು.

ಚಹಾ ಹೊಯ್ಯುವ ಕೆಲಸ ಗುಲ್ಶಾತಳದಾಗಿತ್ತು. ಆ ಸೀಮೆಯಲ್ಲಿ ತಾವು ಗೌರವಿಸುವವರಿಗೆ ಯಾರೂ ಅರ್ಧ ಬಟ್ಟಲಿಗಿಂತ ಹೆಚ್ಚು ಹೊಯ್ಯುವುದಿಲ್ಲ. ಅವಳು ತೊಲೆಗೆನ್‌ನ ಬಟ್ಟಲನ್ನು ಅಂಚಿನ ತನಕ ತುಂಬಿ ಮುಂದಕ್ಕೆ ತಳ್ಳಿದಳು. ಕುಡಿದು ಎದ್ದು ಹೋಗು ಎಂದರ್ಥ.

"ತಗೋ ತೊಲೆಗೆನ್," ಎಂದಳು. ಅಣ್ಣ ಎಂಬರ್ಥದ 'ಅಗಾ' ಎನ್ನುವುದನ್ನು ಬೇಕೆಂದೇ ಬಿಟ್ಟಳು. ಅವನು ಅವಳಿಗಿಂತ ಹಿರಿಯ.

ಅವನು ಸದ್ದು ಮಾಡಿಕೊಂಡು ಅಷ್ಟನ್ನೂ ಕುಡಿದ. "ಇನ್ನೂ ಇದ್ರೆ ಹುಯ್ಯಿ ತಂಗಿ. ನಿನ್ನ ಕೋಪದಲ್ಲೂ ಸಕ್ಕರೆ ಇದೆ." ಆಮೇಲೆ ಎಲ್ಲರ ಕಡೆ ತಿರುಗಿದ. "ಕಥೆ ಅಂದ್ರೆ ಬಸ್ಸಿನ ಕಥೆ. ಅದನ್ನ ಬರೆದೋರಿಗೆ ನಾನು ಕುದುರೆ ಕೊಯ್ದು ಊಟ ಹಾಕ್ತೀನಿ."

"ಹಂಗಾದ್ರೆ ಅದ್ರಲ್ಲಿ ಏನೋ ಐಬಿದೆ," ಎಂದ ತ್ಸೋಯ್.

ಗುಲ್ಶಾತ್ ಇಷ್ಟು ವರ್ಷ ಕಾದ ಹೊಗಳಿಕೆ ಬಂದದ್ದು ತೊಲೆಗೆನ್‌ನ ಬಾಯಿಂದ.

"ಸಾಕು ಕಚ್ಚಾಟ. ಕುರ್ತ್ ತಗೊಳ್ಳಿ," ಎಂದ ಓರಾಜ್‌ಬೆಕ್. ಎಲ್ಲರಿಗಿಂತ ಹಿರಿಯನಾದ ಅವನ ಮಾತಿಗೆ ಎದುರಿಲ್ಲ. ಒಣಮೊಸರಿನ ಉಪ್ಪುಂಡೆಗಳ ತಟ್ಟೆ ಸುತ್ತು ಬಂತು. ಒಬ್ಬೊಬ್ಬರಿಗೆ ಒಂದೊಂದು ಉಂಡೆ, ಅದೇ ಮತ. ಮೇಜಿನ ಮೇಲೆ ಎರಡು ಬಟ್ಟಲು, ಕಥೆಗೊಂದು.

ತೊಲೆಗೆನ್ ಅಂಗಿಯ ತೋಳು ಮಡಚಿ ತನ್ನ ಉಂಡೆಯನ್ನು ಮೊದಲನೆಯ ಬಟ್ಟಲಿಗೆ ಟಣ್ ಎಂದು ಎಸೆದ. ತ್ಸೋಯ್ ಅವನನ್ನೇ ದಿಟ್ಟಿಸುತ್ತ ಎರಡನೆಯದಕ್ಕೆ ಹಾಕಿದ. ಓರಾಜ್‌ಬೆಕ್, "ನನಗೆ ಬಸ್ಸು ಹಿಡಿಸ್ತಪ್ಪ," ಎಂದು ಮೊದಲನೆಯದಕ್ಕೆ ಹಾಕಿದ. ಲ್ಯುದ್ಮಿಲಾ ಎರಡನೆಯದಕ್ಕೆ ಮೆಲ್ಲಗೆ ಇಟ್ಟಳು.

ಎರಡೆರಡು. ಉಳಿದವಳು ಗುಲ್ಶಾತ್.

ಮೊದಲನೆಯದಕ್ಕೆ ಹಾಕಿದರೆ ಮುಗಿಯಿತು. ಅವಳ ಹೆಸರು ಪುಸ್ತಕದಲ್ಲಿ ಬರುತ್ತದೆ. ತಾನೇ ಗೆಲ್ಲಿಸಿದ್ದು ಎಂದು ತೊಲೆಗೆನ್ ಬೀದಿ ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಾನೆ. ಈ ಪಾಪದ ಹೆಂಗಸು ಕುದಿಯುವ ನೀರಿನ ಮಾತನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾಳೆ, ಇನ್ನೆಂದೂ ಒಂದು ಸಾಲು ಬರೆಯುವುದಿಲ್ಲ.

"ಬೇಗ ಹಾಕು ತಂಗಿ," ಎಂದ ತೊಲೆಗೆನ್. "ಹಿಕ್ಕೆ ಯಾವುದು, ಕಥೆ ಯಾವುದು ಅಂತ ಬಸ್ಸು ಓಡಿಸೋರಿಗೂ ಗೊತ್ತಾಗುತ್ತೆ."

ಗುಲ್ಶಾತ್ ಅವನ ಕಣ್ಣಿಗೆ ಕಣ್ಣು ಕೊಟ್ಟು ಎರಡನೆಯ ಬಟ್ಟಲಿಗೆ ಉಂಡೆ ಹಾಕಿದಳು. ತನ್ನ ಕಥೆ ಹೋಯಿತು. ಆದರೂ ಒಮ್ಮೆ ಅವನ ಬಾಯಿ ಮುಚ್ಚಿಸಿದ ತೃಪ್ತಿ ಇತ್ತು.

"ದೊಡ್ಡಿಯ ಕಥೆ ಅಲ್ಮಾತಿಗೆ ಹೋಗುತ್ತೆ," ಎಂದ ಓರಾಜ್‌ಬೆಕ್. "ಬರೆದೋರು ಎದ್ದು ನಿಲ್ಲಿ."

ಗುಲ್ಶಾತ್ ನಗುತ್ತ ಲ್ಯುದ್ಮಿಲಾಳ ಕಡೆ ತಿರುಗಿದಳು. ಲ್ಯುದ್ಮಿಲಾ ಅವಳನ್ನೇ ನೋಡಿ ನಗುತ್ತಿದ್ದಳು. "ಏಳೇ ಗುಲ್ಶಾತ್, ನಾಚ್ಕೋಬೇಡ. ನಮ್ಮಮ್ಮನ್ನೇ ಕಣ್ಣೆದುರು ತಂದು ನಿಲ್ಲಿಸಿಬಿಟ್ಟೆ."

ಮೇಜಿನ ಆ ತುದಿಯಲ್ಲಿ ತೊಲೆಗೆನ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತ. "ಕುದಿಯೋ ನೀರು ತಾ ತಂಗಿ, ಆ ಕೈ ನಂದೇ," ಎಂದ.