ಇಂಗ್ಲಿಷಿನಲ್ಲಿ ಬರೆದುಕೊಡಿ

ಗುಮಾಸ್ತ ಹಾಲಸ್ವಾಮಿಯ ಬೆರಳ ಸಂದಿಗಳನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು, "ಕಜ್ಜಿ. ಮುಲಾಮು ಹಚ್ಚಿ. ಒಂದು ವಾರ ಯಾರನ್ನೂ ಮುಟ್ಟಬೇಡಿ, ಆಫೀಸಿಗೂ ಹೋಗಬೇಡಿ," ಎಂದರು.

ಹಾಲಸ್ವಾಮಿ ಕೈ ಹಿಂದಕ್ಕೆಳೆದುಕೊಂಡ. "ರಜಾ ಚೀಟೀಲಿ ಕಜ್ಜಿ ಅಂತ ಬರೀಬೇಡಿ ಸಾರ್. ಆಮೇಲೆ ನನ್ನ ಪಕ್ಕ ಕೂತು ಯಾರೂ ಟೀ ಕುಡಿಯಲ್ಲ. ಇಂಗ್ಲಿಷಲ್ಲಿ ಬರೆದುಕೊಡಿ."

ಡಾಕ್ಟರು ನಕ್ಕು ‘ಸ್ಕೇಬಿಸ್’ ಎಂದು ಬರೆದುಕೊಟ್ಟರು.

ಚೀಟಿ ಓದಿದ ಸಾಹೇಬರ ಮುಖ ಗಂಭೀರವಾಯಿತು. ಆ ಪದದ ಅರ್ಥ ಅವರಿಗೆ ಗೊತ್ತಿರಲಿಲ್ಲ. ಇನ್ನೊಬ್ಬರನ್ನು ಕೇಳುವುದು ಅವರ ಹುದ್ದೆಗೆ ಒಪ್ಪುವ ಮಾತಾಗಿರಲಿಲ್ಲ.

"ದೊಡ್ಡ ಕಾಯಿಲೆ ಕಣಯ್ಯ. ಮನೇಲಿ ಒಬ್ಬನೇ ಇದ್ರೆ ಕುಗ್ಗಿ ಹೋಗ್ತೀಯ. ರಜ ಬೇಡ, ಬಂದು ನನ್ನ ರೂಮಲ್ಲೇ ಕೂತ್ಕೋ."

"ಬೇಡ ಸಾರ್. ನೀವು ನನ್ನ ಹತ್ರ ಬರಬೇಡಿ."

ಕಾರಣ ಹೇಳಲು ಹಾಲಸ್ವಾಮಿಗೆ ಬಾಯಿ ಬರಲಿಲ್ಲ. ಅವನು ಬೇಡಿಕೊಂಡಷ್ಟೂ ಸಾಹೇಬರ ಕಣ್ಣು ತುಂಬಿಬಂತು. ವಾರವಿಡೀ ಅವನ ಕೈ ಹಿಡಿದುಕೊಂಡು ಧೈರ್ಯ ಹೇಳಿದರು. ಎಸಿಯ ಚಳಿಗೆ ತಮ್ಮ ಶಾಲನ್ನೇ ಅವನಿಗೆ ಹೊದಿಸಿ, ಸಂಜೆ ಅದನ್ನೇ ತಾವು ಹೊದ್ದು ಮನೆಗೆ ಹೋದರು. ಉಳಿದವರೂ ಸರದಿಯಲ್ಲಿ ಬಂದು ಬೆನ್ನು ಸವರಿದರು.

ತಿಂಗಳೊಪ್ಪತ್ತಿನಲ್ಲಿ ಹಾಲಸ್ವಾಮಿ ಪೂರ್ತಿ ಗುಣವಾದ. ಒಂದು ಬೆಳಿಗ್ಗೆ ಸಾಹೇಬರು ಅವನನ್ನು ಕರೆದು ಬಾಗಿಲು ಹಾಕಿಸಿದರು. ಮೊಣಕೈ ತುರಿಸಿಕೊಳ್ಳುತ್ತ ದನಿ ತಗ್ಗಿಸಿದರು.

"ಈ ಆಫೀಸಲ್ಲಿ ಯಾವನಿಗೋ ಕಜ್ಜಿ ಇದೆ. ನಂಗೂ ಅಂಟಿಸಿದಾನೆ. ಯಾರು ಅಂತ ನೀನೇ ಪತ್ತೆ ಮಾಡಬೇಕು. ಆದ್ರೆ ಅವನ ಹತ್ರ ಮಾತ್ರ ಹೋಗಬೇಡ ಹಾಲಸ್ವಾಮಿ, ನೀನು ಸ್ಕೇಬಿಸ್ ಗೆದ್ದು ಬಂದವನು."